ಚಂದ್ರನಿಂದ ಬಲಕ್ಕೆ ಒಂದು ಗೇಣು

೨೬ ಮಾರ್ಚ್ ೧೯೯೭, ಬುಧವಾರ

ಈ ಡೈರಿ ಹೋದ ವರ್ಷದ್ದು. ಬೀಜದ ಅಂಗಡಿಯವರು ಕೊಟ್ರಬಸಪ್ಪಣ್ಣನಿಗೆ ಕೊಟ್ಟಿದ್ದರು. ಅವರು ಒಂದು ಹಾಳೆಯನ್ನೂ ಮುಟ್ಟದೆ ನನಗೆ ಕೊಟ್ಟರು. ತಾರೀಖು ಸರಿ ಇವೆ, ವಾರ ಮಾತ್ರ ಒಂದು ದಿನ ಹಿಂದಿದೆ. ಇಲ್ಲಿ ಮಂಗಳವಾರ ಎಂದು ಅಚ್ಚಾಗಿತ್ತು, ಹೊಡೆದುಹಾಕಿ ಬುಧವಾರ ಎಂದು ಬರೆದಿದ್ದೇನೆ. ಮೂರು ತಿಂಗಳಿಂದ ಖಾಲಿ ಇಟ್ಟುಕೊಂಡಿದ್ದೆ. ಬರೆಯುವಂಥದ್ದು ಏನೂ ಇರಲಿಲ್ಲ. ಇವತ್ತು ಇದೆ.

ಬಾಲಚುಕ್ಕಿ ಕಂಡೆ.

ಮದುವೆ ಮನೆಯ ಮಾಳಿಗೆಯ ಮೇಲೆ ಮೈಕಿನ ಹಾರ್ನ್ ಕಟ್ಟುತ್ತಿದ್ದೆ. ಸೂರ್ಯ ಮುಳುಗಿ ಅರ್ಧ ತಾಸಾಗಿರಬಹುದು. ತಂತಿ ಬಿಗಿದು ತಲೆ ಎತ್ತಿದರೆ ವಾಯವ್ಯದಲ್ಲಿ, ಹುಣಸೆ ಮರದ ಮೇಲೆ, ಯಾರೋ ಬೆರಳಿಗೆ ಸುಣ್ಣ ಹಚ್ಚಿಕೊಂಡು ಒರೆಸಿದ ಹಾಗೆ ಒಂದು ಗುರುತು. ಮೋಡದ ತುಣುಕು ಎಂದುಕೊಂಡೆ. ಕಾದು ನೋಡಿದೆ. ಮೋಡವಾದರೆ ಸರಿಯಬೇಕು, ಅದು ಸರಿಯಲಿಲ್ಲ. ಕೆಳಗೆ ಚುಕ್ಕಿ, ಮೇಲಕ್ಕೆ ಬಾಲ. ಬರುತ್ತದೆ ಎಂದು ಲೈಬ್ರರಿಯ ಪೇಪರಿನಲ್ಲಿ ಓದಿದ್ದೆ. ಹದಿನೈದು ದಿನದಿಂದ ಹುಡುಕುತ್ತಿದ್ದೆ. ಹಾರ್ನ್ ತಬ್ಬಿಕೊಂಡು ಅಲ್ಲೇ ಕುಳಿತುಬಿಟ್ಟೆ.

ಕೊಟ್ರಬಸಪ್ಪಣ್ಣ ಕೊಟ್ಟೂರಿನಲ್ಲಿ ಮೈಕ್‌ಸೆಟ್ ಇಟ್ಟವರು. ಆರು ವರ್ಷದಿಂದ ನಾನು ಅವರ ಹತ್ತಿರ ಇದ್ದೇನೆ. ವೈರ್ ಎಳೆಯುವುದು, ಹಾರ್ನ್ ಕಟ್ಟುವುದು ನನ್ನ ಕೆಲಸ. ಮೈಕಿನಲ್ಲಿ ಮಾತಾಡುವುದು ಅವರ ಕೆಲಸ. ಮೈಕ್ ಸರಿ ಇದೆಯೋ ಇಲ್ಲವೋ ನೋಡಲು ಎಲ್ಲರೂ ಹಲೋ ಹಲೋ ಅನ್ನುತ್ತಾರೆ. ನಾನು ಬೆರಳಿನಿಂದ ಎರಡು ಸಲ ತಟ್ಟುತ್ತೇನೆ. ಶಾಲೆಯಲ್ಲೂ ಹೀಗೇ ಇತ್ತು. ಹಾಜರಿ ಕರೆದಾಗ ನನಗೆ ಬಾಯಿ ಬರುತ್ತಿರಲಿಲ್ಲ. ಎದುರಿಗೇ ಕುಳಿತಿದ್ದರೂ ಗೈರುಹಾಜರಿ ಬೀಳುತ್ತಿತ್ತು. ಹೋದರೂ ಗೈರುಹಾಜರಿ, ಹೋಗದಿದ್ದರೂ ಗೈರುಹಾಜರಿ ಎಂದು ನಾಲ್ಕನೇ ತರಗತಿ ಮುಗಿಸಿ ಬಿಟ್ಟೆ. ಆಮೇಲೆ ಓದಲು ಕಲಿಸಿದ್ದೆಲ್ಲ ನನ್ನ ಅಕ್ಕ, ಹಂಪಕ್ಕ.

ಇಳಿದು ಬರುವುದು ತಡವಾಯಿತೆಂದು ಕೊಟ್ರಬಸಪ್ಪಣ್ಣ ಬೈದರು. ಕಾರಣ ಹೇಳಲೇಬೇಕಾಯಿತು. ಸಣ್ಣ ದನಿಯಲ್ಲಿ ಹೇಳಿದೆ. ಅವರು ಹೊರಗೆ ಹೋಗಿ ಕತ್ತೆತ್ತಿ ನೋಡಿದರು, ಒಳಗೆ ಬಂದರು, ಮೈಕ್ ಎತ್ತಿಕೊಂಡರು.

“ಬಂಧುಗಳೇ, ಒಂದು ವಿಶೇಷ ಸುದ್ದಿ. ನಮ್ಮ ಗಂಗ ಆಕಾಶದಾಗ ಬಾಲಚುಕ್ಕಿ ಹುಡುಕ್ಯಾನ. ಎಲ್ಲಾರೂ ಹೊರಗ ಬಂದು ನೋಡ್ರಿ. ಊಟ ಆದವರು ಮೊದಲು ಬರ್ರಿ.”

ನಾನು ಆಂಪ್ಲಿಫೈಯರ್ ಪೆಟ್ಟಿಗೆಯ ಹಿಂದೆ ಕುಳಿತುಕೊಂಡೆ. ಸುದ್ದಿ ಇಡೀ ಕೊಟ್ಟೂರಿಗೆ ಕೇಳಿಸಿತು. ಎರಡು ಹಾರ್ನ್‌ಗಳಲ್ಲಿ ಒಂದರ ಬಾಯಿಯನ್ನು ನಮ್ಮ ಕೇರಿಯ ಕಡೆಗೆ ತಿರುಗಿಸಿ ಕಟ್ಟಿದ್ದವನು ನಾನೇ.

೨೭ ಮಾರ್ಚ್, ಗುರುವಾರ

ಹೇಳಬಾರದಾಗಿತ್ತು.

ಹಂಪಕ್ಕನನ್ನು ಹಂಪಸಾಗರಕ್ಕೆ ಕೊಟ್ಟಿದೆ. ಈಗ ಎಂಟು ತಿಂಗಳ ಬಸುರಿ, ಹೆರಿಗೆಗೆ ಬಂದಿದ್ದಾಳೆ. ಹೋದ ವರ್ಷದ ಬಸುರು ಐದು ತಿಂಗಳಿಗೇ ಹೋಯಿತು. ಅದಕ್ಕೇ ಈ ಸಲ ಮನೆಯಲ್ಲಿ ಎಲ್ಲರಿಗೂ ಜೀವ ಕೈಯಲ್ಲಿದೆ. ಎಲ್ಲರಿಗಿಂತ ಹೆಚ್ಚು ಅಜ್ಜಿಗೆ. ನಮ್ಮ ಹುಲುಗಮ್ಮಜ್ಜಿ ಸೂಲಗಿತ್ತಿ, ಕೇರಿಯ ಅರ್ಧ ಮಂದಿ ಅವಳ ಕೈಯಲ್ಲೇ ಹುಟ್ಟಿದ್ದು. ಗ್ರಹಣದಲ್ಲಿ ಹೊರಗೆ ಹೋದ ಒಬ್ಬಾಕೆಯ ಕೂಸಿನ ತುಟಿ ಸೀಳಿದ್ದನ್ನು ಅವಳು ಕಣ್ಣಾರೆ ಕಂಡಿದ್ದಾಳೆ.

ಗ್ರಹಣಕ್ಕೆ ಏನು ನೇಮವೋ ಬಾಲಚುಕ್ಕಿಗೂ ಅದೇ ನೇಮ ಎಂದು ಅಜ್ಜಿ ಇವತ್ತು ಬೆಳಿಗ್ಗೆ ತೀರ್ಮಾನ ಮಾಡಿದಳು. ಚುಕ್ಕಿ ಎಷ್ಟೊತ್ತಿಗೆ ಮುಳುಗುತ್ತದೆ ಎಂದು ನನ್ನನ್ನೇ ಕೇಳಿದಳು. ಎಂಟರ ಸುಮಾರಿಗೆ ಎಂದೆ. ಹಾಗಾದರೆ ಸಂಜೆ ಐದರಿಂದ ಒಂಬತ್ತರ ತನಕ ಹಂಪಕ್ಕ ನಡುಮನೆ ಬಿಟ್ಟು ಕದಲಬಾರದು. ಕತ್ತರಿ, ಈಳಿಗೆ ಮುಟ್ಟಬಾರದು. ಕಿಟಕಿಗೆ ಗೋಣಿತಟ್ಟು ಬಡಿದಳು. ಎಷ್ಟು ದಿನ ಇರುತ್ತದೆ ಎಂದು ಕೇಳಿದಾಗ ನನಗೆ ಸುಳ್ಳು ಹೊಳೆಯಲಿಲ್ಲ. ಒಂದು ತಿಂಗಳ ಮೇಲೆ ಎಂದುಬಿಟ್ಟೆ.

ಹಂಪಕ್ಕ ನನ್ನ ಕಡೆ ತಿರುಗಿದಳು.

“ಗ್ರಹಣ ಆದ್ರ ಒಂದು ತಾಸು. ನಿನ್ನ ಚುಕ್ಕಿ ಒಂದು ತಿಂಗಳಂತ. ಅಲ್ಲಲೇ, ನೀನು ಬಾಯಿ ಬಿಡೋದು ವರ್ಷಕ್ಕೊಮ್ಮಿ, ಅದನ್ನೂ ಹಿಂಗ ಬಿಡಬೇಕೇನು?”

ನಗುತ್ತಲೇ ಅಂದಳು. ಆದರೆ ನಡುಮನೆ ಮಧ್ಯಾಹ್ನದ ಬಿಸಿಯನ್ನು ರಾತ್ರಿಯ ತನಕ ಹಿಡಿದುಕೊಳ್ಳುತ್ತದೆ. ದಿನಾ ಸಂಜೆ ಅವಳು ಹಿತ್ತಲ ಕಲ್ಲಿನ ಮೇಲೆ ಕುಳಿತು ಗಾಳಿ ತೆಗೆದುಕೊಳ್ಳುತ್ತಿದ್ದಳು. ಅದು ಹೋಯಿತು.

೨೯ ಮಾರ್ಚ್, ಶನಿವಾರ

ಇವತ್ತು ಬುಕಿಂಗ್ ಇರಲಿಲ್ಲ. ನಮ್ಮ ಮಾಳಿಗೆ ಹತ್ತಿ ನೋಡಿದೆ. ಕೈ ಪೂರ್ತಿ ಚಾಚಿ ಬೆರಳಿಟ್ಟು ಅಳೆದೆ. ಬಾಲ ಮೂರು ಬೆರಳು ಅಗಲದಷ್ಟು ಉದ್ದ.

ನಡುಮನೆಯ ನೆತ್ತಿಗೆ ಬೆಳಕಿಂಡಿ ಇದೆ. ಅದರ ಪಕ್ಕದಲ್ಲಿ ಕುಳಿತಿದ್ದೆ. ಕೆಳಗಿನಿಂದ ಹಂಪಕ್ಕ, ಕಂಡಿತೇನೋ ಎಂದಳು. ಹೂಂ ಎಂದೆ. ಹೂಂ ಅಂದರೆ ಏನು, ಹೆಂಗೈತಿ ಹೇಳು ಎಂದಳು. ಅಜ್ಜಿ ನೋಡಬೇಡ ಎಂದಿದ್ದಾಳೆ, ಕೇಳಬೇಡ ಎಂದಿಲ್ಲ.

ಹೇಳಿದೆ. ಬೆಳಕಿಂಡಿಯ ಕೆಳಗೆ ಕತ್ತಲೆ. ಅವಳು ನನಗೆ ಕಾಣುತ್ತಿರಲಿಲ್ಲ, ನಾನು ಅವಳಿಗೆ ಕಾಣುತ್ತಿರಲಿಲ್ಲ. ಬಾವಿಯೊಳಗೆ ಮಾತಾಡಿದ ಹಾಗೆ ಇತ್ತು. ಚಿಕ್ಕವರಿದ್ದಾಗ ಇದೇ ಮಾಳಿಗೆಯ ಮೇಲೆ ಮಲಗಿಕೊಂಡು ಅವಳು ನನಗೆ ಕೃತ್ತಿಕೆ ತೋರಿಸಿದ್ದಳು. ಆರು ಚುಕ್ಕಿ ಎಣಿಸಿದರೆ ಕಣ್ಣು ಚಲೋ, ಏಳು ಎಣಿಸಿದರೆ ಸುಳ್ಳುಗಾರ ಎಂದು ಹೇಳಿದ್ದಳು. ಈಗ ನಾನು ಅವಳಿಗೆ ಹೇಳುತ್ತಿದ್ದೇನೆ.

೩೧ ಮಾರ್ಚ್, ಸೋಮವಾರ

ಬಾಲ ಮೂರೂವರೆ ಬೆರಳು. ಹಂಪಕ್ಕ ಪ್ರಶ್ನೆ ಬಹಳ ಕೇಳುತ್ತಾಳೆ. ಅದು ಬಿಸಿಯೋ ತಣ್ಣಗೋ? ಒಳಗೆ ಮಂಜುಗಡ್ಡೆ ಎಂದು ಓದಿದ್ದೆ, ಹೇಳಿದೆ. ಹಾಗಾದರೆ ಒಂದು ತುಂಡು ಬೆಳಕಿಂಡಿಯಿಂದ ಕೆಳಗೆ ಹಾಕು ಎಂದಳು.

೨ ಏಪ್ರಿಲ್, ಬುಧವಾರ

ಇವತ್ತು ಎರಡು ವಿಷಯ.

ಒಂದು. ಚುಕ್ಕಿಗೆ ಎರಡು ಬಾಲ ಇದೆ. ಬಿಳಿಯದು ಸ್ವಲ್ಪ ಬಾಗಿದೆ. ಅದರ ಎಡಕ್ಕೆ ಇನ್ನೊಂದು, ನೇರ, ನೀಲಿ, ಬಹಳ ತೆಳು. ದಿಟ್ಟಿಸಿ ನೋಡಿದರೆ ಕಾಣುವುದಿಲ್ಲ, ಪಕ್ಕಕ್ಕೆ ನೋಡಿದರೆ ಕಾಣುತ್ತದೆ. ಲೈಬ್ರರಿಯಿಂದ ತಂದ ಪುಸ್ತಕದಲ್ಲಿ ಹಾಗೇ ಬರೆದಿದೆ. ಆದರೆ ನಾನು ಓದುವ ಮೊದಲೇ ಕಂಡೆ.

ಎರಡು. ಇದನ್ನು ಬೆಳಕಿಂಡಿಯಲ್ಲಿ ಹೇಳುತ್ತಿದ್ದಾಗ, ನೀಲಿ ಅಂದರೆ ಆಗಸದ ನೀಲಿಯೋ ಬಟ್ಟೆಗೆ ಹಾಕುವ ನೀಲಿಯೋ ಎಂದು ಯಾರೋ ಕೇಳಿದರು. ಹಂಪಕ್ಕನ ದನಿ ಅಲ್ಲ. ಇಳಿದು ಹೋಗಿ ಬಾಗಿಲಲ್ಲಿ ನೋಡಿದರೆ ನಡುಮನೆಯ ತುಂಬ ಹೆಂಗಸರು. ಎದುರುಮನೆಯ ಗಂಗಾಂಬಿಕಾ, ಅವಳ ಅತ್ತೆ, ಹಿಂದಿನ ಓಣಿಯಿಂದ ಇನ್ನೊಬ್ಬ ಬಸುರಿ. ಅವಳ ಮನೆಯಲ್ಲೂ ಬಾಗಿಲು ಹಾಕಿದ್ದಾರಂತೆ, ಹೇಗೂ ಕತ್ತಲಲ್ಲಿ ಕೂಡುವುದು, ಇಲ್ಲೇ ಕೂಡೋಣ ಎಂದು ಹೊತ್ತು ಇಳಿಯುವ ಮೊದಲೇ ಬಂದಿದ್ದಾಳೆ. ಎಣಿಸಿದರೆ ಒಂಬತ್ತು ಜನ. ಮೂರು ದಿನದಿಂದ ಬರುತ್ತಿದ್ದಾರಂತೆ. ಹಂಪಕ್ಕ ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದಳು.

ನಾನು ಊಟ ಮಾಡದೆ ಮಲಗಿದೆ.

೩ ಏಪ್ರಿಲ್, ಗುರುವಾರ

ಇವತ್ತು ಹತ್ತುವುದಿಲ್ಲ ಎಂದುಕೊಂಡಿದ್ದೆ. ಕೆಳಗಿನಿಂದ ಕರೆದರು. ಕಣ್ಣು ಮುಚ್ಚಿಕೊಂಡು ಹೇಳಿದೆ. ಕಣ್ಣು ಮುಚ್ಚಿದರೆ ಒಂಬತ್ತು ಜನವೂ ಒಬ್ಬರೇ.

ಹೇಳುತ್ತಿದ್ದ ಹಾಗೆ ಕೆಳಗೆ ಗದ್ದಲವಾಯಿತು. ಹಂಪಕ್ಕನಿಗೆ ಕಣ್ಣು ಕತ್ತಲೆ ಬಂದು ಗೋಡೆಗೆ ಒರಗಿದ್ದಳು. ಮೈಯೆಲ್ಲ ಬೆವರು. ಅಪ್ಪ ಆಗ ತಾನೇ ಹಮಾಲಿ ಕೆಲಸದಿಂದ ಬಂದವನು ಅಂಗಿ ಬಿಚ್ಚದೆ ನರ್ಸಮ್ಮನನ್ನು ಕರೆತಂದ. ನರ್ಸಮ್ಮ ನಾಡಿ ನೋಡಿ, ಹೊಟ್ಟೆ ಮುಟ್ಟಿ ನೋಡಿ, ಕೂಸು ಚೆನ್ನಾಗಿದೆ, ತಾಯಿಗೆ ಸೆಕೆ ಬಡಿದಿದೆ, ಸಂಜೆ ತಂಪಿನಲ್ಲಿ ಅಡ್ಡಾಡಿಸಿ, ಹೀಗೆ ಮುಚ್ಚಿಟ್ಟರೆ ನಾನು ಜವಾಬ್ದಾರಳಲ್ಲ ಎಂದು ಹೇಳಿ ಹೋದಳು. ಅಜ್ಜಿ ಕೇಳಿಸಿಕೊಂಡಳು. ನಸುಕಿನಲ್ಲಿ ಅಡ್ಡಾಡಿಸುತ್ತೇನೆ ಎಂದಳು. ಗೋಣಿತಟ್ಟು ತೆಗೆಯಲಿಲ್ಲ.

ನಾನು ಮದುವೆ ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಅಕ್ಕ ಈ ಹೊತ್ತಿಗೆ ಹಿತ್ತಲ ಕಲ್ಲಿನ ಮೇಲೆ ಕುಳಿತಿರುತ್ತಿದ್ದಳು. ಅವಳಿಗೆ ಏನಾದರೂ ಆದರೆ ಚುಕ್ಕಿಯಿಂದ ಆಯಿತು ಎನ್ನುತ್ತಾರೆ. ನನಗೆ ಗೊತ್ತು, ಚುಕ್ಕಿಯಿಂದ ಅಲ್ಲ.

೫ ಏಪ್ರಿಲ್, ಶನಿವಾರ

ಲೈಬ್ರರಿಯ ಪುಸ್ತಕದ ಕೊನೆಯಲ್ಲಿ ದೊಡ್ಡ ಬಾಲಚುಕ್ಕಿಗಳ ಪಟ್ಟಿ ಇದೆ. ಸುಮ್ಮನೆ ಓದುತ್ತಿದ್ದೆ. ೧೯೭೬, ಮಾರ್ಚ್, ಬೆಳಗಿನ ಜಾವ, ಪೂರ್ವದಲ್ಲಿ ಎಂದಿತ್ತು. ಬರಿಗಣ್ಣಿಗೇ ಚೆನ್ನಾಗಿ ಕಂಡಿತ್ತಂತೆ.

ಹಂಪಕ್ಕ ಹುಟ್ಟಿದ್ದು ಆ ವರ್ಷ, ಹೋಳಿ ಹುಣ್ಣಿಮೆ ಮುಗಿದ ಎಂಟನೇ ದಿನ.

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಕ್ಕ ಹೊಟ್ಟೆಯಲ್ಲಿದ್ದಾಗ ನಸುಕಿನಲ್ಲಿ ಏಳುತ್ತಿದ್ದೆಯಾ ಎಂದು ಕೇಳಿದೆ. ಏಳದಿದ್ದರೆ ನೀರು ಯಾರು ತರುತ್ತಿದ್ದರು ಎಂದಳು. ಆಗ ಪೂರ್ವದಲ್ಲಿ ಏನಾದರೂ ಕಂಡಿದ್ದೆಯಾ ಎಂದೆ. ಅವ್ವನ ಕೈ ರೊಟ್ಟಿಯ ಮೇಲೆ ನಿಂತಿತು. ಪಡಸಾಲೆಯ ಕಡೆ ನೋಡಿದಳು. ಅಜ್ಜಿ ಅಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದಳು.

“ಕಂಡಿದ್ನಪ್ಪ. ಎಂಟು ದಿನ ಕಂಡೆ. ಬಾವಿ ಕಟ್ಟಿ ಮ್ಯಾಲ ಕೊಡ ಇಟ್ಟು ನಿಂತು ನೋಡತಿದ್ದೆ. ಕಸಬರಿಗಿ ನಿಲ್ಲಿಸಿದಂಗ ಇತ್ತು. ಭಾಳ ಚಂದ ಇತ್ತು. ಯಾರಿಗೂ ಹೇಳಲಿಲ್ಲ. ನಿಮ್ಮಜ್ಜಿಗೆ ಹೇಳಿದ್ರ ನನ್ನ ಒಳಗ ಹಾಕತಿದ್ಲು, ಆಮ್ಯಾಲ ಹೊರಗ ಬಂದು ಎಂಟು ಕೊಡ ನೀರು ನಾನ ತರಬೇಕಾಗತಿತ್ತು. ನೀನೂ ಹೇಳಬ್ಯಾಡ.”

ಇದನ್ನು ಹೇಳಿದರೆ ಅಕ್ಕ ಹೊರಗೆ ಬರಬಹುದು. ಹೇಳಿದರೆ ಅವ್ವ ಇಪ್ಪತ್ತೊಂದು ವರ್ಷ ಮುಚ್ಚಿಟ್ಟದ್ದು ಬಯಲಾಗುತ್ತದೆ.

೬ ಏಪ್ರಿಲ್, ಭಾನುವಾರ

ಹೇಳಲಿಲ್ಲ. ಬಾಲ ನಾಲ್ಕು ಬೆರಳು.

೮ ಏಪ್ರಿಲ್, ಮಂಗಳವಾರ, ಉಗಾದಿ

ಬೇವು ಬೆಲ್ಲ ಆಯಿತು. ಕೊಟ್ರಬಸಪ್ಪಣ್ಣ ಹೊಸ ಅಂಗಿ ಕೊಟ್ಟರು, ತೋಳು ಉದ್ದ. ಸಂಜೆ ಪಡುವಣದಲ್ಲಿ ಧೂಳು ಕಟ್ಟಿತ್ತು, ಚಂದ್ರ ಕಾಣಲಿಲ್ಲ. ನಾಳೆ ಕಾಣಲೇಬೇಕು.

ಇಲ್ಲೇ ಅಜ್ಜಿ ಸಿಕ್ಕಿಕೊಂಡಳು. ಉಗಾದಿ ಚಂದ್ರನನ್ನು ಮನೆಯ ಒಬ್ಬೊಬ್ಬರೂ ನೋಡಬೇಕು. ತೊಟ್ಟಿಲ ಕೂಸನ್ನೂ ಎತ್ತಿಕೊಂಡು ಹೋಗಿ ತೋರಿಸುತ್ತಾರೆ. ನೋಡದೆ ಉಳಿದವರಿಗೆ ವರ್ಷವೆಲ್ಲ ಅಪವಾದ. ಬಸುರಿ ನೋಡದಿದ್ದರೆ ಇಬ್ಬರಿಗೆ. ಆದರೆ ಚಂದ್ರ ಬರುವ ಆಗಸದಲ್ಲೇ, ಬರುವ ಹೊತ್ತಿಗೇ, ಬಾಲಚುಕ್ಕಿಯೂ ಇದೆ. ಚಂದ್ರನನ್ನು ನೋಡಲೇಬೇಕು, ಚುಕ್ಕಿಯನ್ನು ನೋಡಲೇಬಾರದು.

ಎರಡರ ನಡುವೆ ಎಷ್ಟು ದೂರ ಇರುತ್ತದೆ ಎಂದು ಅಜ್ಜಿ ಕೇಳಿದಳು. ಕೈ ಚಾಚಿ ಹಿಡಿದರೆ ಒಂದು ಗೇಣು, ಚುಕ್ಕಿ ಬಲಕ್ಕೆ ಎಂದೆ. ಅಜ್ಜಿ ತನ್ನ ಗೇಣನ್ನೇ ಚಾಚಿ ಬಹಳ ಹೊತ್ತು ನೋಡಿಕೊಂಡಳು. ಆಮೇಲೆ ಹಳೆಯ ಕ್ಯಾಲೆಂಡರ್ ಎಲ್ಲಿದೆ ಎಂದು ಹುಡುಕತೊಡಗಿದಳು.

೯ ಏಪ್ರಿಲ್, ಬುಧವಾರ

ಬಹಳ ಬರೆಯುವುದಿದೆ.

ಹೊತ್ತು ಮುಳುಗುವ ಮೊದಲೇ ಕೇರಿಯ ಎಲ್ಲ ಮಾಳಿಗೆಗಳ ಮೇಲೆ ಜನ. ಅಜ್ಜಿ ಹಳೆಯ ಕ್ಯಾಲೆಂಡರನ್ನು ಸುರುಳಿ ಸುತ್ತಿ ದಾರ ಕಟ್ಟಿದ್ದಳು. ಅದರ ಲೆಕ್ಕ ಹೀಗೆ: ಹಂಪಕ್ಕ ತಲೆಯ ಮೇಲೆ ಸೆರಗು ಹೊದ್ದು ಕಣ್ಣು ಮುಚ್ಚಿಕೊಂಡು ಮೆಟ್ಟಿಲು ಹತ್ತಬೇಕು. ನಾನು ಕೊಳವೆಯನ್ನು ಚಂದ್ರನಿಗೆ ಗುರಿ ಹಿಡಿಯಬೇಕು. ಅವಳು ಒಂದೇ ಕಣ್ಣು ತೆರೆದು ಕೊಳವೆಯೊಳಗೆ ಚಂದ್ರನನ್ನಷ್ಟೇ ನೋಡಿ, ಕಣ್ಣು ಮುಚ್ಚಿ, ಹಾಗೇ ಇಳಿಯಬೇಕು. ಅಜ್ಜಿಗೆ ಕಣ್ಣು ಮಂಜು. ಗುರಿ ಹಿಡಿಯುವ ಕೆಲಸಕ್ಕೆ ನನ್ನನ್ನು ಬಿಟ್ಟರೆ ಗತಿಯಿಲ್ಲ.

ಅವ್ವ ಒಂದು ಕೈ, ಭಾವ ಹಂಪಸಾಗರದಿಂದ ಬಂದಿದ್ದ, ಅವನು ಒಂದು ಕೈ ಹಿಡಿದು ಹಂಪಕ್ಕನನ್ನು ಹತ್ತಿಸಿದರು. ಹದಿನಾಲ್ಕು ದಿನದ ಮೇಲೆ ಅವಳಿಗೆ ಸಂಜೆಯ ಗಾಳಿ ತಾಗಿತು. ಮುಖಕ್ಕೆ ಸೆರಗು ಇದ್ದರೂ ಅವಳು ಉಸಿರೆಳೆದದ್ದು ಎಲ್ಲರಿಗೂ ಕೇಳಿಸಿತು.

ಚಂದ್ರ ಕಂಡಿತು. ಉಗುರಿನಷ್ಟು. ಕೇರಿಯವರೆಲ್ಲ ಕೈ ಮುಗಿದರು. ಕೊಂಬು ಯಾವ ಕಡೆ ಎತ್ತರ, ಈ ವರ್ಷ ಮಳೆ ಹೆಂಗೆ ಎಂದು ಒಂದು ಮಾಳಿಗೆಯಿಂದ ಇನ್ನೊಂದು ಮಾಳಿಗೆಗೆ ಮಾತು ಶುರುವಾಯಿತು. ಬಲಕ್ಕೆ ಒಂದು ಗೇಣಿಗೆ ಸರಿಯಾಗಿ ಬಾಲಚುಕ್ಕಿ, ಚಂದ್ರನಿಗಿಂತ ಎಷ್ಟೋ ಪಾಲು ದೊಡ್ಡದಾಗಿ. ಇಷ್ಟು ಚೆನ್ನಾಗಿ ಒಂದು ದಿನವೂ ಕಂಡಿರಲಿಲ್ಲ.

ಕೊಳವೆ ನನ್ನ ಕೈಯಲ್ಲಿತ್ತು. ಒಂದು ಗೇಣು ಬಲಕ್ಕೆ ಸರಿಸಿದರೆ ಮುಗಿಯಿತು, ಅಜ್ಜಿಗೆ ಗೊತ್ತಾಗುವುದಿಲ್ಲ. ಕೈ ಹೋಗಲಿಲ್ಲ. ಅಜ್ಜಿ ನನ್ನನ್ನು ನಂಬಿ ಕೊಟ್ಟಿದ್ದಳು. ಚಂದ್ರನಿಗೇ ಹಿಡಿದೆ. ಹಂಪಕ್ಕ ನೋಡಿದಳು, ಕೈ ಮುಗಿದಳು, ಕಣ್ಣು ಮುಚ್ಚಿದಳು. ಅಜ್ಜಿ, ಸಾಕು, ಇಳಿಸ್ರಿ ಎಂದಳು. ಹಂಪಕ್ಕ ಕಣ್ಣು ಮುಚ್ಚಿಕೊಂಡೇ ಮೆಟ್ಟಿಲ ಕಡೆ ಕಾಲು ಹುಡುಕತೊಡಗಿದಳು. ಅದನ್ನು ನೋಡಲಾಗಲಿಲ್ಲ.

“ಅಜ್ಜಿ,” ಎಂದೆ. “ಅಕ್ಕ ಹುಟ್ಟೋ ಮುಂದ ಇದಕ್ಕಿಂತ ದೊಡ್ಡ ಬಾಲಚುಕ್ಕಿ ಬಂದಿತ್ತು. ನಸುಕಿನಾಗ. ಪುಸ್ತಕದಾಗ ಐತಿ.”

ಅಷ್ಟಕ್ಕೇ ನಿಲ್ಲಿಸಿದೆ. ಅವ್ವನ ಹೆಸರು ಎತ್ತಲಿಲ್ಲ. ಹಾಗಾದರೆ ನನಗೆ ಯಾಕೆ ಗೊತ್ತಾಗಲಿಲ್ಲ, ನಸುಕಿನಲ್ಲಿ ಎದ್ದವರು ಯಾರೂ ಹೇಳಲಿಲ್ಲವಲ್ಲ ಎಂದು ಅಜ್ಜಿ ಕೇಳಿದಳು. ಪಕ್ಕದ ಮಾಳಿಗೆಯವರೂ ಈ ಕಡೆ ತಿರುಗಿದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನಗೆ ಬೆಳಕಿಂಡಿ ಬೇಕಾಗಿತ್ತು.

ಆಗ ಅವ್ವ ಹಂಪಕ್ಕನ ಕೈ ಬಿಡದೆ ಹೇಳಿದಳು. “ನಾನು ನೋಡೀನಿ ಅತ್ತಿ. ತುಂಬಿದ ಹೊಟ್ಟಿಲೆ ಎಂಟು ದಿನ ನೋಡೀನಿ. ಈಕಿನ್ನ ಎತ್ತಿಕೊಂಡಾಕಿ ನೀನ. ಕೈಕಾಲು, ಕಣ್ಣು ಮೂಗು ಎಲ್ಲಾ ನೋಡಿ, ಲಕ್ಷಣ ಆಗ್ಯಾಳ ಅಂದಾಕೀನೂ ನೀನ.”

ಅಜ್ಜಿ ಅವ್ವನನ್ನು ನೋಡಿದಳು, ಹಂಪಕ್ಕನನ್ನು ನೋಡಿದಳು. ಹಂಪಕ್ಕನ ಗಲ್ಲ ಹಿಡಿದು ಮುಖ ತನ್ನ ಹತ್ತಿರ ತಂದುಕೊಂಡು, ಈಗ ತಾನೇ ಹುಟ್ಟಿದವಳನ್ನು ನೋಡಿದ ಹಾಗೆ ನೋಡಿದಳು.

“ಅದಕ್ಕ ಈಕಿ ಬಾಯಿ ಇಷ್ಟು ಉದ್ದ ಆಗೈತಿ,” ಎಂದಳು.

ಎದುರಿನ ಮಾಳಿಗೆಯ ಗಂಗಾಂಬಿಕಾ ಮೊದಲು ನಕ್ಕಳು. ಆಮೇಲೆ ಎಲ್ಲರೂ. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಜ್ಜಿ ಮಾತ್ರ ನಗಲಿಲ್ಲ. ಕೊಳವೆ ಕೊಡು ಎಂದು ನನ್ನ ಕೈಯಿಂದ ಕಿತ್ತುಕೊಂಡು, ಮೊದಲು ನಾನು ನೋಡತೀನಿ, ಏನಾದರೂ ಆಗುವುದಿದ್ದರೆ ನನಗೆ ಆಗಲಿ ಎಂದು ಬಲಕ್ಕೆ ತಿರುಗಿಸಿದಳು. ಅವಳ ಮಂಜುಗಣ್ಣಿಗೆ ಸಿಗಲೇ ಇಲ್ಲ. ಬಲಕ್ಕೆ, ಇನ್ನೂ ಬಲಕ್ಕೆ, ಸ್ವಲ್ಪ ಕೆಳಗೆ ಎಂದು ನಾನು ಹೇಳುತ್ತ ಹೋದೆ. ಸಿಕ್ಕಿದ್ದು ಹೇಗೆ ಗೊತ್ತಾಯಿತೆಂದರೆ ಅಜ್ಜಿಯ ಬಾಯಿ ತೆರೆದೇ ಉಳಿಯಿತು. ಬಹಳ ಹೊತ್ತು ಕೊಳವೆ ಕೊಡಲಿಲ್ಲ. ಮುಂದಿನವರು ಕಾಯುತ್ತಿದ್ದಾರೆ ಎಂದು ಅಪ್ಪ ಹೇಳಬೇಕಾಯಿತು.

ಹಂಪಕ್ಕನಿಗೆ ಕೊಳವೆ ಬೇಕಾಗಲಿಲ್ಲ. ಸೆರಗು ತೆಗೆದು ಬರಿಗಣ್ಣಿನಿಂದ ನೋಡಿದಳು. ನೀಲಿ ಬಾಲ ಎಲ್ಲಿ ಎಂದಳು. ಪಕ್ಕಕ್ಕೆ ನೋಡು ಎಂದೆ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಪಕ್ಕಕ್ಕೆ ನೋಡಿದಳು.

“ನೀನು ಹೇಳಿದಂಗ ಐತಿ,” ಎಂದಳು. “ಅಷ್ಟೂ ಮೊದಲ ನೋಡಿದಂಗ ಐತಿ.”

೧೦ ಏಪ್ರಿಲ್, ಗುರುವಾರ

ಗೋಣಿತಟ್ಟು ತೆಗೆದರು. ಅಜ್ಜಿ ಅದನ್ನು ಮಡಚಿ ಹಂಪಕ್ಕನಿಗೆ ಕೂಡಲು ಹಿತ್ತಲ ಕಲ್ಲಿನ ಮೇಲೆ ಹಾಸಿದ್ದಾಳೆ.

೧೪ ಏಪ್ರಿಲ್, ಸೋಮವಾರ

ಇವತ್ತು ಕೇರಿಯಲ್ಲಿ ಬಾಬಾಸಾಹೇಬರ ಜಯಂತಿ. ಮೈಕ್‌ಸೆಟ್ ನಮ್ಮದೇ. ನಾಲ್ಕು ಹಾರ್ನ್, ಎರಡು ಬಾಕ್ಸ್. ಕೊಟ್ರಬಸಪ್ಪಣ್ಣನಿಗೆ ಸಾಲು ಮದುವೆಗಳಲ್ಲಿ ಕೂಗಿ ಗಂಟಲು ಹೋಗಿದೆ. ಭಾಷಣದವರು ಹರಪನಹಳ್ಳಿಯಿಂದ ಬರಬೇಕು, ಬಸ್ಸು ಕೆಟ್ಟು ನಿಂತಿದೆ ಎಂದು ಸುದ್ದಿ ಬಂತು. ಜನ ಎದ್ದು ಹೋಗಲು ಶುರುಮಾಡಿದರು. ಕೊಟ್ರಬಸಪ್ಪಣ್ಣ ಮೈಕನ್ನು ನನ್ನ ಕೈಗೆ ತುರುಕಿ ಆಗಸದ ಕಡೆ ಬೆರಳು ತೋರಿಸಿದರು.

ನಾನು ಎರಡು ಸಲ ತಟ್ಟಿದೆ. ಆಮೇಲೆ ಟ್ಯೂಬ್‌ಲೈಟ್ ಆರಿಸಿ ಎಂದೆ. ಆರಿಸಿದರು. ಕತ್ತಲಾದ ಮೇಲೆ ಸುಲಭವಾಯಿತು, ಕಣ್ಣು ಮುಚ್ಚುವುದು ಬೇಕಾಗಲಿಲ್ಲ. ಕೃತ್ತಿಕೆ ಎಲ್ಲಿ ಎಂದು ಮೊದಲು ಹೇಳಿ ಅಲ್ಲಿಂದ ಬಲಕ್ಕೆ ಕರೆದುಕೊಂಡು ಹೋದೆ. ಮುಂದಿನ ಸಾಲಿನಲ್ಲಿ ಅಜ್ಜಿ ಎದ್ದು ನಿಂತು, ಹಿಂದಿನವರು ತಪ್ಪು ಕಡೆ ನೋಡುತ್ತಿದ್ದಾರೆ ಎಂದು ಅವರ ತಲೆ ಹಿಡಿದು ತಿರುಗಿಸುತ್ತಿದ್ದಳು. ಹಂಪಕ್ಕ ಕುರ್ಚಿಯಲ್ಲಿ ಕುಳಿತಿದ್ದಳು. ಒಬ್ಬ ಹುಡುಗಿ, ಹೆಸರು ಕ್ರಾಂತಿ ಅಂತೆ, ಅದು ಮತ್ತೆ ಯಾವಾಗ ಬರುತ್ತದೆ ಎಂದು ಕೂಗಿ ಕೇಳಿದಳು. ಎರಡು ಸಾವಿರ ವರ್ಷದ ಮೇಲೆ ಎಂದು ಓದಿದ್ದೆ, ಹೇಳಿದೆ. ಹಾಗಾದರೆ ಇವತ್ತೇ ಸರಿಯಾಗಿ ನೋಡುತ್ತೇನೆ ಎಂದಳು.

ಭಾಷಣದವರು ಬಂದದ್ದು ಒಂದು ತಾಸು ತಡವಾಗಿ. ಅಷ್ಟು ಹೊತ್ತು ಉರಿದು ಆಂಪ್ಲಿಫೈಯರ್ ಬಹಳ ಬಿಸಿಯಾಗಿದೆ. ಬಲಗಡೆಯ ಹಾರ್ನ್ ಕರಕರ ಎನ್ನುತ್ತಿದೆ, ನಾಳೆ ಬಿಚ್ಚಿ ನೋಡಬೇಕು.

೧೫ ಏಪ್ರಿಲ್, ಮಂಗಳವಾರ

ಹಾರ್ನ್‌ನೊಳಗೆ ಕಣಜ ಗೂಡು ಕಟ್ಟಿತ್ತು. ತೆಗೆದೆ. ಆರು ವರ್ಷ ಸಂಬಳ ಕೊಟ್ಟು ನಿನ್ನನ್ನು ಸುಮ್ಮನೆ ಕೂಡಿಸಿದ್ದೆನಲ್ಲೋ ಎಂದು ಕೊಟ್ರಬಸಪ್ಪಣ್ಣ ಇಡೀ ದಿನ ಪಿಸುದನಿಯಲ್ಲಿ ಬೈದರು. ಯಾಕೆ ಬೈದರೋ ತಿಳಿಯಲಿಲ್ಲ. ಕೆಲಸ ಎಲ್ಲ ಮಾಡಿದ್ದೇನೆ.

೨೩ ಏಪ್ರಿಲ್, ಬುಧವಾರ

ಹೆಣ್ಣು ಕೂಸು. ಬೆಳಿಗ್ಗೆ ಆಸ್ಪತ್ರೆಯಲ್ಲಿ ಆಯಿತು. ಹಂಪಕ್ಕ ಆರಾಮಾಗಿದ್ದಾಳೆ. ಭಾವ ಅತ್ತ, ಆಮೇಲೆ ಎಲ್ಲರಿಗೂ ಪೇಡೆ ಹಂಚಿದ.

ಅಜ್ಜಿ ಕೂಸನ್ನು ಬೆಳಕಿಗೆ ಹಿಡಿದು ತುಟಿ ನೋಡಿದಳು, ಅಂಗುಳ ನೋಡಿದಳು, ಕೈಕಾಲಿನ ಇಪ್ಪತ್ತು ಬೆರಳೂ ಮುಟ್ಟಿ ನೋಡಿದಳು. ಮಗುಚಿ ಬೆನ್ನು ನೋಡಿದಳು. ಎಲ್ಲರೂ ಕಾಯುತ್ತಿದ್ದೆವು.

“ಬಾಲ ಒಂದು ಇಲ್ಲ ನೋಡು,” ಎಂದಳು. ನರ್ಸಮ್ಮನಿಗೆ ಏನೂ ಅರ್ಥವಾಗಲಿಲ್ಲ, ನಾವೆಲ್ಲ ಯಾಕೆ ನಗುತ್ತಿದ್ದೇವೆ ಎಂದು ಗದರಿಸಿದಳು.

ಸಂಜೆ ನೋಡಿದೆ. ಹುಣ್ಣಿಮೆ ಮುಗಿದು ಒಂದು ದಿನ, ಚಂದ್ರ ಹುಟ್ಟುವ ಮೊದಲು ಸ್ವಲ್ಪ ಕತ್ತಲೆ ಸಿಕ್ಕಿತು. ಬಾಲ ಎರಡು ಬೆರಳು. ನೀಲಿಯದು ಕಾಣಲಿಲ್ಲ.

೨೦ ಮೇ, ಮಂಗಳವಾರ

ಅಚ್ಚಾದದ್ದು ಸೋಮವಾರ. ಈಗ ಹೊಡೆದುಹಾಕುವುದು ರೂಢಿಯಾಗಿದೆ.

ಬಾಲಚುಕ್ಕಿ ಹೋಯಿತು. ಹದಿನೈದು ದಿನ ಸಂಜೆ ಮೋಡ ಇತ್ತು. ಇವತ್ತು ತೆರವಾಗಿದೆ, ಆದರೆ ಬೆಳದಿಂಗಳು ಜಾಸ್ತಿ. ಪಡುವಣದಲ್ಲಿ ಕಣ್ಣು ನೋಯುವಷ್ಟು ಹುಡುಕಿದೆ, ಇಲ್ಲ.

ಹಂಪಕ್ಕ ಮತ್ತೆ ನಡುಮನೆಯಲ್ಲಿ. ಈಗ ಬಾಣಂತಿ, ಇದು ಎಲ್ಲರಿಗೂ ಇರುವ ನೇಮ. ಕಿಟಕಿ ತೆರೆದಿದೆ. ಕೂಸು ಮಾತ್ರ ಸಂಜೆಯಾದರೆ ಸಾಕು, ಅಳಲು ಶುರು. ಅಜ್ಜಿ ಓಮಿನ ನೀರು ಕುಡಿಸಿದಳು, ದೃಷ್ಟಿ ತೆಗೆದಳು, ನಿಲ್ಲಲಿಲ್ಲ. ನಾನು ಮಾಳಿಗೆಯ ಮೇಲಿದ್ದೆ. ಇಲ್ಲ ಅಕ್ಕ, ಹೋಗಿಬಿಟ್ಟಿದೆ ಎಂದು ಬೆಳಕಿಂಡಿಯಲ್ಲಿ ಹೇಳಿದೆ. ಕೂಸು ಅಳು ನಿಲ್ಲಿಸಿತು. ನಾನು ಸುಮ್ಮನಾದೆ, ಅದು ಮತ್ತೆ ಶುರುಮಾಡಿತು.

“ಹೊಟ್ಟಿಯಾಗ ಇದ್ದಾಗ ದಿನಾ ಇದ ಹೊತ್ತಿಗೆ ನಿನ್ನ ದನಿ ಕೇಳೈತಿ,” ಎಂದಳು ಹಂಪಕ್ಕ. “ಹೇಳಲೇ ಏನರ.”

ಹೇಳಲು ಏನಿದೆ, ಚುಕ್ಕಿ ಹೋಯಿತಲ್ಲ ಎಂದೆ. ಆಗಸದಲ್ಲಿ ಅದೊಂದೇ ಇತ್ತೇನೋ, ಉಳಿದವು ಎಲ್ಲಿ ಹೋದವು ಎಂದು ಅಜ್ಜಿ ಕೆಳಗಿನಿಂದ ಬೈದಳು.

ತಲೆ ಎತ್ತಿದೆ. ಮಂಗಳ ಗ್ರಹ ನೆತ್ತಿಯ ಹತ್ತಿರ ಬಂದಿತ್ತು, ಸ್ವಲ್ಪ ತೆಂಕಣಕ್ಕೆ. ಬೆಳಕಿಂಡಿಯ ಮೇಲೆ ಬಗ್ಗಿ ಅಳತೆ ಹಾಕಿದೆ. ಮಂಚವನ್ನು ಎರಡು ಗೇಣು ಬಡಗಣಕ್ಕೆ ಸರಿಸಿ, ಅಲ್ಲಿ ಮಲಗಿಕೊಂಡೇ ಒಂದು ಕೆಂಪು ಚುಕ್ಕಿ ಕಾಣುತ್ತದೆ ಎಂದೆ. ಅಜ್ಜಿ ಮಂಚ ಎಳೆದದ್ದು ಕೇಳಿಸಿತು. ಇನ್ನೂ ಅರ್ಧ ಗೇಣು ಎಂದೆ. ಇನ್ನೂ ಸ್ವಲ್ಪ. ಆಮೇಲೆ ಹಂಪಕ್ಕ, ಬಂತು ಎಂದಳು.

ಮಂಗಳದಿಂದ ಶುರುಮಾಡಿದೆ. ಅಲ್ಲಿಂದ ಸಿಂಹದ ಕಡೆ ಹೋಗಿ, ಸಪ್ತರ್ಷಿಗಳನ್ನು ಒಬ್ಬೊಬ್ಬರಾಗಿ ಹೇಳಿ, ಮೂಡಣಕ್ಕೆ ತಿರುಗಿದೆ. ಚಂದ್ರನ ಬೆಳಕಿಗೆ ಸಣ್ಣವು ಮುಚ್ಚಿವೆ, ಅವುಗಳನ್ನೂ ನೆನಪಿನಿಂದ ಹೇಳಿದೆ. ಕೂಸು ಮಲಗಿ ಬಹಳ ಹೊತ್ತಾಯಿತು, ಇನ್ನು ಬಾಯಿ ಮುಚ್ಚಿ ಇಳಿದು ಬಾ, ಊಟ ಆರುತ್ತಿದೆ ಎಂದು ಅಜ್ಜಿ ಕೂಗಿದಳು.

ತೆಂಕಣ ದಿಕ್ಕು ಪೂರ್ತಿ ಉಳಿದಿತ್ತು. ಅದನ್ನೂ ಹೇಳಿಯೇ ಇಳಿದೆ.